ದುಡಿಯುವ ದೇಹಕ್ಕೆ ಶಕ್ತಿ ಎಲ್ಲಿಂದ?



ವ್ಯಾಯಾಮವೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸಿಗೆ ಬರುವುದು ಗರಡಿಯ ಮನೆ, ಆಟದ ಬಯಲು, ಇಲ್ಲವೆ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆ. ದೇಹದ ಒಳಗೆ ನಡೆಯತಕ್ಕ ಕ್ರಿಯೆಗೆ ಮಾತ್ರ ಗರಡಿಗೂ ಗದ್ದೆಗೂ ಭೇದವಿಲ್ಲ. ಕೂಲಿಗಾಗಿ ಬಾಗಿದರೂ ಆರೋಗ್ಯಕ್ಕಾಗಿ ಬಾಗಿದರೂ ಮಾಂಸಖಂಡವು ಒಂದೇ ರೀತಿಯಲ್ಲಿ ಕುಗ್ಗಿ ಹಿಗ್ಗುತ್ತದೆ. ಒಂದೇ ವಿಧವಾದ ಶಕ್ತಿಯನ್ನು ಬೇಡುತ್ತದೆ. ಆ ಶಕ್ತಿ ಎಲ್ಲಿಂದ ಬರುತ್ತದೆ, ಹೇಗೆ ಹುಟ್ಟುತ್ತದೆ, ಯಾವಾಗ ಸಾಲದೆ ಹೋಗುತ್ತದೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ. ಇದಕ್ಕೆ ಪ್ರಯೋಗಶಾಲೆಗೆ ಹೋಗಬೇಕಾದುದಿಲ್ಲ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಸೀಮೆಯಲ್ಲಿ ಮಿರ್ಲೆ ಎಂಬ ಗ್ರಾಮವುಂಟು. ಕಾವೇರಿಯ ನಾಲೆಗಳು ಹರಿಯುವ ಆ ಸೀಮೆಯನ್ನು ಜನರು ಭತ್ತದ ಕಣಜವೆಂದು ಕರೆಯುವರು. ಅಲ್ಲಿಯ ಗದ್ದೆಯ ಬದುವಿನ ಮೇಲೆ ನಿಂತು ನೋಡುವವನಿಗೆ ಈ ಶಾಸ್ತ್ರದ ಮುಖ್ಯಾಂಶಗಳೆಲ್ಲವೂ ಕಾಣದೆ ಇರವು.

ವರ್ಷದ ಬೇರೆಬೇರೆ ಕಾಲಗಳಲ್ಲಿ ಇಂತಹ ಊರಿನಲ್ಲಿ ಕಾಣಬರುವ ಮೂರು ದೃಶ್ಯಗಳನ್ನು ಕಣ್ಣಮುಂದೆ ತಂದುಕೊಳ್ಳಿರಿ. ಸುಗ್ಗಿಯಲ್ಲಿ ಕಣದ ಬಳಿ ಗಾಡಿ ನಿಂತಿದೆ. ಒಬ್ಬ ಆಳು ಭತ್ತದ ಮೂಟೆಯೊಂದನ್ನು ಒಂದೇ ಎತ್ತಿಗೆ ಹೆಗಲಿಗೇರಿಸಿಕೊಳ್ಳುತ್ತಾನೆ. ಎರಡು ಮೂರು ಸೆಕೆಂಡುಗಳಲ್ಲಿ ಆ ಕೆಲಸ ಮುಗಿಯಿತು. ಮತ್ತೊಂದು ದಿನ ಹಗ್ಗ ಕಿತ್ತುಕೊಂಡ ಹೋರಿಯೊಂದು ನಾಲೆಯ ಏರಿಯ ಮೇಲೆ ಓಡುತ್ತಿದೆ. ಹುಡುಗನೊಬ್ಬ ಅದರ ಹಿಂದೆ ಬಿದ್ದು, ಒಂದು ನಿಮಿಷ ಓಡಿ, ಹಗ್ಗ ಹಿಡಿದು, ಏದುಸಿರು ಬಿಡುತ್ತಾ ನಿಲ್ಲುತ್ತಾನೆ. ಮೂರನೆಯದು ಮುಂಗಾರಿನ ನಾಟಿ. ಹೆಂಗಸರು ಸಾಲಾಗಿ ಕೆಸರಿನಲ್ಲಿ ನಿಂತು, ಸೊಂಟ ಬಾಗಿಸಿ, ಒಂದೊಂದು ಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತಾ, ಬೆಳಗಿನಿಂದ ಸಂಜೆಯವರೆಗೆ ಪೈರು ನೆಡುವರು. ಮೂಟೆ ಎತ್ತಿದವನನ್ನು ಊರು ಹೊಗಳುತ್ತದೆ. ಹೋರಿ ಹಿಡಿದವನನ್ನೂ ಹೊಗಳುತ್ತದೆ. ನಾಟಿ ಹಾಕಿದವರನ್ನು ಹೊಗಳುವವರು ವಿರಳ. ಆದರೆ ಈ ಮೂವರ ದೇಹಗಳಲ್ಲಿ ಶಕ್ತಿ ಹುಟ್ಟುವ ದಾರಿಗಳು ಬೇರೆಬೇರೆ. ಅವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಆಹಾರವೇ ಶಕ್ತಿಯ ಮೂಲವೆಂಬುದನ್ನು ಯಾರಾದರೂ ಬಲ್ಲರು. ಆದರೆ ಉಂಡ ಅನ್ನವು ನೇರವಾಗಿ ಮಾಂಸಖಂಡವನ್ನು ಎಳೆಯಲಾರದು. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ರಸಾಯನಶಾಸ್ತ್ರಜ್ಞನು ಉಸಿರಾಟವೂ ಒಂದು ಬಗೆಯ ದಹನವೇ ಎಂದು ತೋರಿಸಿಕೊಟ್ಟನು. ದೀಪದಲ್ಲಿ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಸೇರಿ ಉರಿಯುವಂತೆ, ದೇಹದಲ್ಲಿ ಆಹಾರವು ಆಮ್ಲಜನಕವನ್ನು ಸೇರಿ ಶಾಖವನ್ನೂ ಅಂಗಾರಾಮ್ಲವನ್ನೂ ಕೊಡುತ್ತದೆ. ಇದು ಸತ್ಯವೇ ಸರಿ. ಆದರೆ ದೀಪದ ಉರಿಯು ಮೂಟೆಯನ್ನು ಎತ್ತಲಾರದು. ದಹನದಿಂದ ಹೊರಟ ಶಕ್ತಿಯನ್ನು ಹಿಡಿದಿಟ್ಟು, ಬೇಕಾದ ಕಡೆ ಬೇಕಾದಷ್ಟೇ ಕೊಡತಕ್ಕ ಒಂದು ಮಧ್ಯವರ್ತಿ ಇರಬೇಕು. ಆ ಮಧ್ಯವರ್ತಿಯ ಹೆಸರು ಅಡಿನೋಸಿನ್ ಟ್ರೈಫಾಸ್ಫೇಟ್. ಹೆಸರು ಉದ್ದವಾದುದರಿಂದ ಎ.ಟಿ.ಪಿ. ಎಂದು ಕರೆಯುವುದು ವಾಡಿಕೆ.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ರೈತನ ಕಣಜದಲ್ಲಿ ನೂರು ಪಲ್ಲ ಭತ್ತವಿರಬಹುದು. ಆದರೂ ಬಸ್ಸನ್ನು ಹತ್ತಿದಾಗ ಕಂಡಕ್ಟರನು ಭತ್ತವನ್ನು ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ನಾಣ್ಯವನ್ನೇ ಕೇಳುವನು. ನಮ್ಮ ದೇಹದ ಪಿಷ್ಟವೂ ಕೊಬ್ಬೂ ಕಣಜದ ಭತ್ತ, ಎ.ಟಿ.ಪಿ.ಯು ಕೈಯಲ್ಲಿರುವ ಚಿಲ್ಲರೆ. ಮಾಂಸಖಂಡವು ಈ ಚಿಲ್ಲರೆಯ ಹೊರತು ಬೇರೆ ಯಾವುದನ್ನೂ ಅಂಗೀಕರಿಸುವುದಿಲ್ಲ. ವಿಚಿತ್ರವೆಂದರೆ, ಈ ಚಿಲ್ಲರೆಯನ್ನು ಕೂಡಿಡುವ ಸಾಮರ್ಥ್ಯ ದೇಹಕ್ಕೆ ಇಲ್ಲವೆಂದೇ ಹೇಳಬೇಕು. ಯಾವ ಕ್ಷಣದಲ್ಲಿ ನೋಡಿದರೂ ಇಡೀ ಶರೀರದಲ್ಲಿರುವುದು ಕೆಲವು ಹತ್ತು ಗ್ರಾಮುಗಳಷ್ಟು ಮಾತ್ರ. ಬಿರುಸಾಗಿ ದುಡಿದರೆ ಅದು ಎರಡು ಮೂರು ಸೆಕೆಂಡಿಗೆ ಸಾಲದು. ಆದುದರಿಂದ ವೆಚ್ಚವಾದ ಕ್ಷಣದಲ್ಲಿಯೇ ಅದನ್ನು ಮತ್ತೆ ಟಂಕಿಸಬೇಕು. ಹೀಗೆ ಒಂದು ದಿನದಲ್ಲಿ ದೇಹವು ಮುರಿದು ಕಟ್ಟುವ ಎ.ಟಿ.ಪಿ.ಯನ್ನೆಲ್ಲ ಕೂಡಿಸಿದರೆ ಅದು ಹೆಚ್ಚು ಕಡಮೆ ಆ ಮನುಷ್ಯನ ತೂಕಕ್ಕೇ ಸಮನಾಗುವುದೆಂದು ಲೆಕ್ಕಹಾಕಿದ್ದಾರೆ. ಬಲವೆಂಬುದು ತೋಳಿನಲ್ಲಿ ತುಂಬಿಟ್ಟ ಪದಾರ್ಥವಲ್ಲವೆಂದೂ, ಅದು ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟಬೇಕಾದುದೆಂದೂ ಇದರಿಂದ ವಿದಿತವಾಗುತ್ತದೆ. ಟಂಕಿಸುವ ದಾರಿಗಳು ಮೂರು.

ಮೊದಲನೆಯದು ಮೂಟೆ ಎತ್ತುವವನ ದಾರಿ. ಮಾಂಸಖಂಡದಲ್ಲಿ ಫಾಸ್ಫೊಕ್ರಿಯೆಟಿನ್ ಎಂಬ ವಸ್ತುವೊಂದು ಸಿದ್ಧವಾಗಿ ಇರುತ್ತದೆ. ಎ.ಟಿ.ಪಿ. ವೆಚ್ಚವಾದೊಡನೆ ಇದು ತನ್ನಲ್ಲಿರುವ ಫಾಸ್ಫೇಟನ್ನು ಕೊಟ್ಟು ಅದನ್ನು ಮತ್ತೆ ಕಟ್ಟುತ್ತದೆ. ಇದಕ್ಕೆ ಉಸಿರು ಬೇಡ, ಸಕ್ಕರೆ ಬೇಡ, ವಿಳಂಬವಿಲ್ಲ. ಆದರೆ ಹತ್ತು ಸೆಕೆಂಡುಗಳಷ್ಟು ಹೊತ್ತಿನಲ್ಲಿ ಈ ಗಂಟು ಬಹುಮಟ್ಟಿಗೆ ಕರಗಿಹೋಗುವುದು. ಈ ವಸ್ತುವನ್ನು ಕಂಡುಹಿಡಿದವರಲ್ಲಿ ನಮ್ಮ ದೇಶದವರೊಬ್ಬರು ಇದ್ದರೆಂಬುದನ್ನು ನಾವು ಮರೆಯಬಾರದು. ಆಂಧ್ರದ ಭೀಮವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕಕ್ಕೆ ಹೋಗಿ, ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸೈರಸ್ ಫಿಸ್ಕೆ ಎಂಬವರೊಡನೆ ದುಡಿದು, 1927ರಲ್ಲಿ ಇದನ್ನು ಪ್ರಕಟಪಡಿಸಿದರು. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಎ.ಟಿ.ಪಿ.ಯನ್ನು ಕಂಡುಹಿಡಿದಾಗ, ಅದೇ ವರ್ಷ ಫಿಸ್ಕೆ ಮತ್ತು ಸುಬ್ಬರಾಯರೂ ಸ್ವತಂತ್ರವಾಗಿ ಅದನ್ನೇ ಬೇರ್ಪಡಿಸಿದ್ದರು. ಸುಬ್ಬರಾಯರು 1948ರಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನ ಅವರಿಗೆ ಬರಲಿಲ್ಲ.

ಎರಡನೆಯದು ಹೋರಿಯ ಹಿಂದೆ ಓಡಿದ ಹುಡುಗನ ದಾರಿ. ಹತ್ತು ಸೆಕೆಂಡು ಕಳೆದರೂ ಓಟ ನಿಲ್ಲಿಸುವಂತಿಲ್ಲ. ಆಗ ಮಾಂಸಖಂಡವು ತನ್ನಲ್ಲಿ ಗ್ಲೈಕೋಜನ್ ರೂಪದಲ್ಲಿ ಇಟ್ಟುಕೊಂಡಿರುವ ಸಕ್ಕರೆಯನ್ನು ಆಮ್ಲಜನಕಕ್ಕಾಗಿ ಕಾಯದೆ ಅರ್ಧಂಬರ್ಧವಾಗಿ ಒಡೆಯುತ್ತದೆ. ವೇಗವಾದ ಓಟಗಳಲ್ಲಿ ಮೊದಲ ದಾರಿಯು ಎರಡನೆಯದಕ್ಕೆ ಕೈಬಿಟ್ಟುಕೊಡುವ ಸಂಧಿಯನ್ನು ನೋಡಬೇಕಾದರೆ ನಮ್ಮ ಕರಾವಳಿಯ ಕಂಬಳವನ್ನು ನೆನೆಯಬಹುದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದುದು ದೇಶದಲ್ಲೆಲ್ಲ ಸುದ್ದಿಯಾಯಿತು. ಕೋಣಗಳ ಸೆಳೆತದ ಬಲವೂ ಅದರಲ್ಲಿ ಸೇರಿದ್ದುದರಿಂದ ಅದನ್ನು ಒಲಿಂಪಿಕ್ ಓಟಗಾರರ ವೇಗದೊಡನೆ ಹೋಲಿಸುವುದು ಯುಕ್ತವಲ್ಲ. ನಮ್ಮ ವಿಷಯಕ್ಕೆ ಬೇಕಾದುದಿಷ್ಟೆ: ಅಂತಹ ಓಟದ ಆದಿಯಲ್ಲಿ ಫಾಸ್ಫೊಕ್ರಿಯೆಟಿನ್ನು ಮುಂದಾಗಿದ್ದು, ಕೊನೆಯ ಹೊತ್ತಿಗೆ ಸಕ್ಕರೆಯ ಭಾರವು ಹೆಚ್ಚುತ್ತದೆ.

ಈ ಎರಡನೆಯ ದಾರಿಯಲ್ಲಿ ಲಾಭ ಬಹಳ ಕಡಮೆ. ಗ್ಲೂಕೋಸಿನ ಒಂದು ಅಣುವಿನಿಂದ ಎರಡು ಎ.ಟಿ.ಪಿ. ಮಾತ್ರವೇ ನಿವ್ವಳವಾಗಿ ಸಿಕ್ಕುವುದು. ಉಳಿದ ಭಾಗವು ಲ್ಯಾಕ್ಟಿಕ್ ಆಮ್ಲದ ರೂಪದಲ್ಲಿ ನಿಲ್ಲುವುದು. ಈ ಆಮ್ಲಕ್ಕೂ ಆಮ್ಲಜನಕದ ವ್ಯಯಕ್ಕೂ ಇರುವ ಸಂಬಂಧವನ್ನೂ, ಮಾಂಸಖಂಡದ ಶಾಖವನ್ನೂ ಅಳೆದುದಕ್ಕಾಗಿ ಮೆಯರ್‌ಹೋಫ್ ಮತ್ತು ಹಿಲ್ ಎಂಬ ಪಂಡಿತರಿಗೆ 1922ರ ನೊಬೆಲ್ ಬಹುಮಾನ ದೊರೆಯಿತು. ಬಹುಕಾಲ ಲ್ಯಾಕ್ಟಿಕ್ ಆಮ್ಲವನ್ನು ವಿಷದಂತೆ ಭಾವಿಸಿ, ವ್ಯಾಯಾಮದ ಮರುದಿನ ಬರುವ ಮೈಕೈ ನೋವಿಗೂ ಅದನ್ನೇ ಹೊಣೆಮಾಡುತ್ತಿದ್ದರು. ಇದು ಸರಿಯಲ್ಲವೆಂದು ಈಗ ತಿಳಿದಿದೆ. ಆಮ್ಲದ ಪ್ರಮಾಣವು ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುವುದು. ಹೃದಯವೂ ಇತರ ಮಾಂಸಖಂಡಗಳೂ ಅದನ್ನೇ ಇಂಧನವಾಗಿ ಉರಿಸುವುವು. ಯಕೃತ್ತು ಅದನ್ನು ಮತ್ತೆ ಸಕ್ಕರೆಯಾಗಿ ಮಾರ್ಪಡಿಸುವುದು. ಮರುದಿನದ ನೋವು ಬರುವುದು ಅಭ್ಯಾಸವಿಲ್ಲದ ಕೆಲಸದಿಂದ ಮಾಂಸಖಂಡದ ಎಳೆಗಳಿಗೆ ಆಗುವ ಸೂಕ್ಷ್ಮವಾದ ಪೆಟ್ಟಿನಿಂದ. ಆದರೂ ಈ ದಾರಿಯಲ್ಲಿ ಒಂದೆರಡು ನಿಮಿಷಕ್ಕೆ ಮೀರಿ ಬಿರುಸಿನ ಕೆಲಸವನ್ನು ನಡೆಸಲಾಗದು. ಹುಡುಗನು ನಿಂತಮೇಲೂ ಏದುತ್ತಿರುವುದೇಕೆ? ಮೊದಲೆರಡು ದಾರಿಗಳಲ್ಲಿ ಸಾಲವಾಗಿ ತಂದ ಶಕ್ತಿಯನ್ನು ಆತನು ಉಸಿರಿನ ಮೂಲಕ ತೀರಿಸುತ್ತಿದ್ದಾನೆ.

ಇನ್ನು ನಾಟಿಯ ಹೆಂಗಸರ ದಾರಿ. ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯ ಎಂಬ ಅತಿಸೂಕ್ಷ್ಮವಾದ ಒಲೆಗಳಿವೆ. ಅಲ್ಲಿ ಸಕ್ಕರೆಯೂ ಕೊಬ್ಬೂ ಆಮ್ಲಜನಕವನ್ನು ಸೇರಿ ಪೂರ್ಣವಾಗಿ ದಹಿಸುವುವು. ಈ ದಹನವು ಒಂದೇ ಏಟಿಗೆ ನಡೆಯದೆ ಮೆಟ್ಟಿಲು ಮೆಟ್ಟಿಲಾಗಿ, ಒಂದು ಚಕ್ರದ ರೀತಿಯಲ್ಲಿ ಸಾಗುತ್ತದೆ. ಆ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ ಎಂಬವರು 1937ರಲ್ಲಿ ವಿವರಿಸಿದರು. ಇಲ್ಲಿ ಗ್ಲೂಕೋಸಿನ ಅದೇ ಒಂದು ಅಣುವಿನಿಂದ ಸುಮಾರು 30 ಎ.ಟಿ.ಪಿ. ದೊರೆಯುವುವು. ಎರಡೆಲ್ಲಿ, ಮೂವತ್ತೆಲ್ಲಿ! ದೇಹದಲ್ಲಿ ಗ್ಲೈಕೋಜನ್ ಇರುವುದು ಸಾಮಾನ್ಯವಾಗಿ 500 ಗ್ರಾಮಿನಷ್ಟು, ಅಂದರೆ ಸುಮಾರು 2000 ಕ್ಯಾಲೊರಿ. ಕೊಬ್ಬಾದರೋ ಒಂದು ಗ್ರಾಮಿಗೆ 9 ಕ್ಯಾಲೊರಿ ಕೊಡುವುದು. ಬಡಕಲಾದ ಶರೀರದಲ್ಲಿಯೂ ಹಲವು ಕಿಲೋಗಳಷ್ಟು ಇರುವುದು. ಆದರೆ ಕೊಬ್ಬು ಉರಿಯುವುದು ಈ ಮೂರನೆಯ ಒಲೆಯಲ್ಲಿ ಮಾತ್ರ, ಆಮ್ಲಜನಕವಿದ್ದಾಗ ಮಾತ್ರ. ನಾಟಿಯಂತಹ ಕೆಲಸದಲ್ಲಿ ಸುಮ್ಮನೆ ಕುಳಿತಾಗಿನದರ ಸುಮಾರು ಮೂರು ಪಟ್ಟು ಶಕ್ತಿ ವ್ಯಯವಾಗುತ್ತದೆ. ಅದು ಒಂದು ಕ್ಷಣಕ್ಕೆ ನೋಡಿದರೆ ದೊಡ್ಡದಲ್ಲ. ಆದರೆ ಎಂಟು ಗಂಟೆ ನಡೆಯುತ್ತದೆ. ಕೊಬ್ಬೂ ಪಿಷ್ಟವೂ ಹದವಾಗಿ ಬೆರೆತು, ಉಸಿರು ಸಮವಾಗಿದ್ದು, ಸಾಲ ಬೆಳೆಯದೆ ಸಾಗತಕ್ಕ ದುಡಿಮೆ ಇದು. ಹಾಗೆಂದು ಮೂರು ದಾರಿಗಳೂ ಒಂದು ಮುಚ್ಚಿ ಇನ್ನೊಂದು ತೆರೆಯುವುವೆಂದು ತಿಳಿಯಬಾರದು. ಮೂರೂ ಯಾವಾಗಲೂ ತೆರೆದಿರುವುವು. ಕೆಲಸದ ಬಿರುಸಿಗೂ ಕಾಲಕ್ಕೂ ತಕ್ಕಂತೆ ಒಂದೊಂದರ ಪಾಲು ಹೆಚ್ಚು ಕಡಮೆಯಾಗುವುದು.

ಈ ವೆಚ್ಚವನ್ನು ನಮಗೆ ಪರಿಚಿತವಾದ ಅಳತೆಯಲ್ಲಿ ಹೇಳುವುದಾದರೆ, 60 ಕಿಲೋ ತೂಕದ ಒಬ್ಬರು ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿ 250 ಮೀಟರು ಎತ್ತರಕ್ಕೆ ಏರಿದರೆಂದು ಭಾವಿಸೋಣ. ತೂಕವನ್ನು ಎತ್ತರಕ್ಕೆ ಒಯ್ದ ಕೆಲಸವಷ್ಟನ್ನೇ ಗಣಿಸಿದರೆ ಅದು 35 ಕ್ಯಾಲೊರಿ. ಆದರೆ ದೇಹವು ಉರಿಸಿದ ಇಂಧನದಲ್ಲಿ ನಾಲ್ಕರಲ್ಲೊಂದು, ಐದರಲ್ಲೊಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸಿ, ಮಿಕ್ಕುದೆಲ್ಲ ಶಾಖವಾಗುವುದು. ಬೆವರುವುದು ಇದರಿಂದಲೇ. ಆದುದರಿಂದ ನಿಜವಾದ ವೆಚ್ಚ 140ರಿಂದ 175 ಕ್ಯಾಲೊರಿ. ರಾಗಿಯ ಹಿಟ್ಟು ನೂರು ಗ್ರಾಮಿಗೆ ಸುಮಾರು 320 ಕ್ಯಾಲೊರಿ ಕೊಡುವುದರಿಂದ, 50 ಗ್ರಾಮು ಹಿಟ್ಟಿನ ಒಂದು ಸಣ್ಣ ಮುದ್ದೆಯು ಒಬ್ಬರನ್ನು ಬೆಟ್ಟದ ಮೇಲಕ್ಕೆ ಒಯ್ಯಬಲ್ಲದು. ಬೆಟ್ಟ ಹತ್ತಿದೆವೆಂದು ಮೇಲೆ ಕುಳಿತು ಮೈಸೂರುಪಾಕನ್ನು ಭಕ್ಷಿಸುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಮೇಲು.

ಇಷ್ಟನ್ನು ತಿಳಿದಮೇಲೆ ಒಂದು ಮುಖ್ಯವಾದ ಪ್ರಶ್ನೆ ಏಳುತ್ತದೆ. ಮೂರನೆಯ ಒಲೆಗೆ ಇಂಧನವಿದ್ದರೆ ಸಾಲದು, ಗಾಳಿಯೂ ಬೇಕು. ಆ ಗಾಳಿಯನ್ನು ಶ್ವಾಸಕೋಶದಿಂದ ಮಾಂಸಖಂಡಕ್ಕೆ ಹೊರುವವರು ಯಾರು? ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ವಸ್ತು. ಅದರ ನಡುವೆ ಕುಳಿತಿರುವ ಕಬ್ಬಿಣ. ಒಂದು ಗ್ರಾಮು ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರು ಆಮ್ಲಜನಕವನ್ನು ಹೊರಬಲ್ಲದು. ಗರ್ಭಿಣಿಯಲ್ಲದ ಹೆಂಗಸಿನಲ್ಲಿ ನೂರು ಮಿಲಿಲೀಟರು ರಕ್ತಕ್ಕೆ 12 ಗ್ರಾಮು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ನಿಯಮಿಸಿದೆ. ಅದಕ್ಕಿಂತ ಕಡಮೆಯಾದರೆ ರಕ್ತಹೀನತೆ. 12 ಗ್ರಾಮಿದ್ದಲ್ಲಿ ಆ ರಕ್ತವು 16 ಮಿಲಿಲೀಟರು ಆಮ್ಲಜನಕವನ್ನು ಹೊರುವುದು. 8 ಗ್ರಾಮಿಗಿಳಿದರೆ ಹನ್ನೊಂದನ್ನೂ ಹೊರಲಾರದು. ಮೂರರಲ್ಲಿ ಒಂದು ಪಾಲು ಹೋಯಿತು. ಅಷ್ಟೇ ಅಲ್ಲದೆ ಮೈಟೊಕಾಂಡ್ರಿಯದ ಒಲೆಯಲ್ಲಿಯೂ ಕೆಲವು ಅವಯವಗಳು ಕಬ್ಬಿಣದಿಂದಲೇ ಆದುವು. ಕಬ್ಬಿಣ ಕಡಮೆಯಾದರೆ ಗಾಳಿಯನ್ನು ತರುವವರೂ ಇಲ್ಲ, ಒಲೆಯೂ ಸರಿಯಾಗಿ ಉರಿಯದು. ಆಗ ಹೃದಯವು ಹೆಚ್ಚು ಬಡಿದುಕೊಳ್ಳುವುದು. ಸಣ್ಣ ಕೆಲಸಕ್ಕೂ ಎರಡನೆಯ ದಾರಿಯನ್ನು ಹಿಡಿಯಬೇಕಾಗುವುದು. ಸಂಜೆಯವರೆಗೆ ಸಾಗಬೇಕಾದ ದುಡಿಮೆಯು ಮಧ್ಯಾಹ್ನಕ್ಕೇ ಭಾರವಾಗುವುದು.

ಇದು ಕೇವಲ ಪುಸ್ತಕದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಮಿರ್ಲೆಯಂತಹ ಊರಿನ ಗದ್ದೆಯಲ್ಲಿ ಹತ್ತು ಮಂದಿ ನಾಟಿ ಹಾಕುತ್ತಿದ್ದರೆ, ಈ ಲೆಕ್ಕದಲ್ಲಿ ಅವರಲ್ಲಿ ನಾಲ್ಕೈದು ಮಂದಿ ಅರೆಗಾಳಿಯ ಒಲೆಯನ್ನಿಟ್ಟುಕೊಂಡು ದುಡಿಯುತ್ತಿರಬೇಕು. ಅವರು ನಿಧಾನವಾದರೆ ನಾವು ಏನೆನ್ನುತ್ತೇವೆ? ಮೈಗಳ್ಳತನವೆನ್ನುತ್ತೇವೆ. ಪಟ್ಟಣದ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಸಾರಿಸುವ ಹೆಂಗಸು ನಡುವೆ ಕುಳಿತರೂ ಅದೇ ಮಾತು. 1970ರ ದಶಕದಲ್ಲಿ ಸಿಂಹಳದ ಚಹಾ ತೋಟಗಳಲ್ಲಿ ಎಲೆ ಕೀಳುವ ಹೆಂಗಸರನ್ನು ಪರೀಕ್ಷಿಸಿದ ವಿದ್ವಾಂಸರು, ಕಬ್ಬಿಣದ ಔಷಧವನ್ನು ಕೊಟ್ಟು ರಕ್ತವು ಸುಧಾರಿಸಿದಮೇಲೆ ಅವರು ಕೀಳುವ ಎಲೆಯ ಪ್ರಮಾಣವೂ ಹೆಚ್ಚಿತೆಂದು ಕಂಡರು. ಹೆಚ್ಚು ರಕ್ತಹೀನರಾಗಿದ್ದವರಲ್ಲಿ ಸುಧಾರಣೆಯೂ ಹೆಚ್ಚಾಗಿತ್ತು. ಮೇಸ್ತ್ರಿಯ ಗದರಿಕೆಯಿಂದ ಬಾರದ ಚುರುಕು ಕಬ್ಬಿಣದಿಂದ ಬಂದಿತು.

ಇದಕ್ಕೆ ಪರಿಹಾರವು ದುರ್ಲಭವಲ್ಲ. ನಮ್ಮ ರಾಗಿಯಲ್ಲಿ, ಹುರುಳಿಯಲ್ಲಿ, ಸೊಪ್ಪುಗಳಲ್ಲಿ ಕಬ್ಬಿಣವುಂಟು. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಕರುಳು ಹೀರಲು ಬಿಡುವುದಿಲ್ಲ. ಕಾಳನ್ನು ಮೊಳಕೆ ಬರಿಸಿದರೆ ಈ ತಡೆಯು ಕಡಮೆಯಾಗುವುದು. ಊಟದೊಡನೆ ನಿಂಬೆಯ ರಸವನ್ನೋ ನೆಲ್ಲಿಕಾಯನ್ನೋ ಸೇವಿಸಿದರೆ ಹೀರುವಿಕೆ ಹೆಚ್ಚುವುದು. ಊಟದ ಜೊತೆಯಲ್ಲಿಯೇ ಕಾಫಿ, ಚಹಾ ಕುಡಿದರೆ ಕುಗ್ಗುವುದು. ಮೊಳಕೆ ಹುರುಳಿಯ ಸಾರನ್ನು ಮುದ್ದೆಯೊಡನೆ ಉಣ್ಣುವ ನಮ್ಮ ಸೀಮೆಯ ಪದ್ಧತಿಯಲ್ಲಿ ಎಷ್ಟು ವಿವೇಕವಿದೆಯೆಂಬುದನ್ನು ನೋಡಿರಿ. ಮಾಂಸಾಹಾರಿಗಳಿಗೆ ಮಾಂಸದ ಕಬ್ಬಿಣವು ಇನ್ನೂ ಸುಲಭವಾಗಿ ದಕ್ಕುವುದು. ಆದರೆ ರಕ್ತವು ಬಹಳ ಇಳಿದಿದ್ದಾಗ ಆಹಾರದಿಂದಲೇ ಅದನ್ನು ತುಂಬುವುದು ಕಷ್ಟ. ರಕ್ತಹೀನತೆಗೆ ಬೇರೆ ಕಾರಣಗಳೂ ಇರಬಹುದು. ಆದುದರಿಂದ ರಕ್ತವನ್ನು ಪರೀಕ್ಷೆಮಾಡಿಸಿ, ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆಯನ್ನು ತೆಗೆದುಕೊಳ್ಳುವುದೇ ಕ್ರಮ. ಎಲ್ಲರೂ ಉಂಡಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ಸಂಪ್ರದಾಯವು ಇರುವ ಮನೆಗಳಲ್ಲಿ ಮಾತ್ರೆಗಿಂತ ಮೊದಲು ಆ ಸಂಪ್ರದಾಯಕ್ಕೆ ಚಿಕಿತ್ಸೆಯಾಗಬೇಕು.

ಕೊನೆಯದಾಗಿ, ಕುರ್ಚಿಯ ಮೇಲೆ ಕುಳಿತು ಇದನ್ನು ಕೇಳುತ್ತಿರುವ ನಮ್ಮ ವಿಷಯ. ನಮ್ಮಲ್ಲಿ ಅನೇಕರ ತೊಂದರೆ ಇದಕ್ಕೆ ವಿಪರೀತವಾದುದು. ಇಂಧನವು ಬೇಕಾದಷ್ಟಿದೆ, ಗಾಳಿಯೂ ಇದೆ; ಒಲೆಯನ್ನು ಹಚ್ಚುವವರಿಲ್ಲ. ಉಪಯೋಗವಿಲ್ಲದ ಒಲೆಯನ್ನು ದೇಹವು ಬಹುಬೇಗ ಕಿತ್ತುಹಾಕುವುದು. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ಯುವಕರನ್ನು ಸುಮಾರು ಮೂರು ವಾರ ಹಾಸಿಗೆಯ ಮೇಲೆಯೇ ಇರಿಸಿದರು. ಆಮ್ಲಜನಕವನ್ನು ಬಳಸುವ ಅವರ ಪರಮ ಸಾಮರ್ಥ್ಯವು ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಕುಸಿಯಿತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯೋಧರ್ಮಕ್ಕಿಂತ ಆ ಮೂರು ವಾರದ ಹಾಸಿಗೆಯೇ ಹೆಚ್ಚು ನಷ್ಟವನ್ನುಂಟುಮಾಡಿತ್ತೆಂದು ಗೊತ್ತಾಯಿತು. ಸಂತೋಷದ ಸಂಗತಿಯೆಂದರೆ, ಕ್ರಮವಾದ ಅಭ್ಯಾಸದಿಂದ ಕಳೆದುದನ್ನು ಗಳಿಸಬಹುದು. ಮೈಟೊಕಾಂಡ್ರಿಯಗಳು ಮತ್ತೆ ಹೆಚ್ಚುವುವು. ಮಧುಮೇಹಿಗಳಿಗೂ ಇದರಿಂದ ಒಂದು ವಿಶೇಷ ಪ್ರಯೋಜನವುಂಟು: ದುಡಿಯುತ್ತಿರುವ ಮಾಂಸಖಂಡವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುವುದು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಮಾತನಾಡಲು ಸಾಧ್ಯವಾಗುವಂತೆಯೂ ಹಾಡಲು ಸಾಧ್ಯವಾಗದಂತೆಯೂ ನಡೆದರೆ ಅದು ಸಾಧಾರಣ ಬಿರುಸು. ದಿನಕ್ಕೆ ಅರ್ಧ ಗಂಟೆಯ ಮಾತು.

ಗದ್ದೆಗಳಿಗೆ ಟ್ರ್ಯಾಕ್ಟರು ಬಂದಿದೆ, ಕಟಾವಿನ ಯಂತ್ರವೂ ಬಂದಿದೆ. ದೇಹವನ್ನು ಸವೆಸುವ ದುಡಿಮೆಯು ಯಂತ್ರದ ಪಾಲಾಗುವುದು ಒಳ್ಳೆಯದೇ. ಆದರೆ ಇಂದಿಗೂ ನಮ್ಮ ತಟ್ಟೆಯ ಅನ್ನದ ಹಿಂದೆ ಅನೇಕರ ಉಸಿರಿದೆ. ನಾಳೆ ಬೆಳಗ್ಗೆ ತಾವು ಅರ್ಧ ಗಂಟೆ ನಡೆಯಿರಿ. ಮೂರನೆಯ ಒಲೆಯನ್ನು ಹಚ್ಚಿರಿ. ಮನೆಗೆ ಹಿಂದಿರುಗಿದಾಗ ಕೆಲಸದವಳು ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾ ಕುಳಿತಿದ್ದರೆ, ತಡವಾಯಿತೇಕೆಂದು ಕೇಳುವ ಮೊದಲು, ಈಚೆಗೆ ರಕ್ತವನ್ನು ಪರೀಕ್ಷೆಮಾಡಿಸಿಕೊಂಡೆಯಾ ತಾಯಿ ಎಂದು ಕೇಳಿರಿ. ಇಲ್ಲವೆಂದರೆ ಒಂದು ದಿನದ ಬಿಡುವನ್ನು ಕೂಲಿಸಹಿತವಾಗಿ ಕೊಟ್ಟು ಆಸ್ಪತ್ರೆಗೆ ಕಳುಹಿಸಿಕೊಡಿರಿ.